ಆಟಗಾರ ಎರಡು, ಹರಿಹರ

ದಾವಣಗೆರೆ
17-1-1999, ಭಾನುವಾರ

ಅಪ್ಪಾಜಿಗೆ ಬಕ್ಕೇಶನ ನಮಸ್ಕಾರ.

ನಿಮ್ಮ ಕಾರ್ಡು ಬುಧವಾರವೇ ಬಂತು. ಉತ್ತರ ತಡವಾಯಿತು, ಸಾರಿ. ನಾನು ಬರೆಯಲು ಕೂತರೆ ರೂಮಿನ ಹುಡುಗರು ನಗುತ್ತಾರೆ. "ಹರಿಹರ ಇಲ್ಲೇ ಹದಿನಾಲ್ಕು ಕಿಲೋಮೀಟ್ರು, ಅರ್ಧ ಗಂಟೆ ಬಸ್ಸು. ಏನ್ಲೇ, ದುಬೈಗೆ ಬರ್ದಂಗೆ ಬರೀತೀಯಲ್ಲ" ಎನ್ನುತ್ತಾರೆ. ಅವರಿಗೇನು ಹೇಳಲಿ? ಒಂದನೇ ಕ್ಲಾಸಿನಿಂದ ಮೈಸೂರಿನ ಹಾಸ್ಟೆಲ್‌ನಲ್ಲಿ ಭಾನುವಾರ ಎಂದರೆ ನಿಮಗೆ ಪತ್ರ ಬರೆಯುವ ದಿನ. ಇಂಜಿನಿಯರಿಂಗ್‌ಗೆಂದು ಇಷ್ಟು ಹತ್ತಿರ ಬಂದ ಮೇಲೂ ಕೈ ಅದನ್ನೇ ಕೇಳುತ್ತದೆ. ಪತ್ರದಲ್ಲಾದರೆ ನಾನು ನಿಮ್ಮೊಡನೆ ಎಷ್ಟು ಬೇಕಾದರೂ ಮಾತಾಡುತ್ತೇನೆ. ಎದುರು ಕೂತರೆ ಆಗುವುದಿಲ್ಲ. ದಸರಾಕ್ಕೆ ಬಂದಾಗ ಮೂರು ದಿನವೂ ಹಾಗೇ ಆಯಿತು.

ನ್ಯೂಸ್ ಏನೆಂದರೆ ನಾನೊಂದು ಪ್ರಾಜೆಕ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಯೀಮ್ ಅಂತ ಮೂರನೇ ವರ್ಷದ ಸೀನಿಯರ್, ನಿಟ್ಟುವಳ್ಳಿಯವರು. ಮಾರ್ಚ್ 7ರ ಕಾಲೇಜು ಎಕ್ಸಿಬಿಷನ್‌ಗೆ ಅವರು ಇಬ್ಬರಾಡುವ ಆಟವೊಂದನ್ನು ಕಂಪ್ಯೂಟರ್‌ನಲ್ಲಿ ಮಾಡಬೇಕೆಂದಿದ್ದಾರೆ. ಒಬ್ಬ ಈ ಮಷೀನಿನ ಮುಂದೆ, ಇನ್ನೊಬ್ಬ ಬೇರೆಲ್ಲೋ. ಚೆಸ್ ಎಲ್ಲರೂ ಮಾಡುತ್ತಾರೆ, ಬೇರೆ ಹೇಳ್ರಪ್ಪಾ ಎಂದು ಮೆಸ್ಸಿನಲ್ಲಿ ಕೇಳಿದರು. ನನ್ನ ಬಾಯಿಂದ "ಹುಲಿ-ಕುರಿ" ಎಂದು ಬಂದುಬಿಟ್ಟಿತು. "ನಿಂಗೆ ಬರ್ತದೇನ್ಲೇ?" "ಹನ್ನೆರಡು ವರ್ಷದಿಂದ ಅಪ್ಪಾಜಿ ಜೊತೆ ಆಡ್ತೀನಿ, ಪೋಸ್ಟಲ್ಲಿ. ಪತ್ರಕ್ಕೊಂದು ನಡೆ" ಎಂದೆ. ಇಡೀ ಮೆಸ್ಸು ನಕ್ಕಿತು, ಅವರು ನಗಲಿಲ್ಲ. ಮಾರನೆಯ ದಿನ ನಾನು ಲ್ಯಾಬಿನಲ್ಲಿದ್ದೆ. ಪ್ರೋಗ್ರಾಂ ಬರೆಯುವ ಜಾವಾ ಭಾಷೆ ನನಗೆ ಬರುವುದಿಲ್ಲ, ಏನೂ ಬರುವುದಿಲ್ಲ. ಹೊಟ್ಟೆ ನೋಯುತ್ತಿದೆ.

ನಡುವೆ ಸರ್ವರ್ ಎಂಬ ಪ್ರೋಗ್ರಾಂ ಇರುತ್ತದೆ. ಇಬ್ಬರ ನಡೆಯನ್ನೂ ಅದು ಕೇಳಿಸಿಕೊಂಡು ಆ ಕಡೆಯದನ್ನು ಈ ಕಡೆ ಹೇಳಬೇಕು. ನಮ್ಮದು ಒಬ್ಬನ ಮಾತನ್ನಷ್ಟೇ ಕೇಳುತ್ತ ಕೂತುಬಿಡುತ್ತದೆ. ನಯೀಮಣ್ಣ ಹೇಳಿದರು: "ಹೋಟ್ಲಾಗೆ ಒಬ್ನೇ ಸಪ್ಲೈಯರ್ ಇದ್ದಂಗೆ. ಮೊದಲ್ನೇ ಟೇಬಲ್ನೋನು ದೋಸೆನೋ ಇಡ್ಲಿನೋ ಅಂತ ಯೋಚ್ನೆ ಮಾಡ್ತಾನ, ಇವ್ನು ಅಲ್ಲೇ ನಿಂತಾನ. ಎರಡನೇ ಟೇಬಲ್ನೋನು ಕೂಗಿ ಕೂಗಿ ಸತ್ತ." ಎರಡನೆಯವನ ಮಾತು ಬಂದಿರುತ್ತದೆ ಅಪ್ಪಾಜಿ, ಬಾಗಿಲಲ್ಲೇ ನಿಂತಿರುತ್ತದೆ. ಯಾರೂ ತೆಗೆದುಕೊಳ್ಳುವುದಿಲ್ಲ. ಟೇಬಲ್ಲಿಗೊಬ್ಬ ಸಪ್ಲೈಯರ್ ಬೇಕು. ಅದಕ್ಕೆ ಥ್ರೆಡ್ ಎನ್ನುತ್ತಾರೆ.

ಇನ್ನೊಂದು ವಿಷಯ. ಏಪ್ರಿಲ್ ರಜೆಗೆ ಮನೆಗೆ ಹೋಗುತ್ತೀರಾ, ಹಾಸ್ಟೆಲ್‌ನಲ್ಲೇ ಉಳಿಯುತ್ತೀರಾ ಎಂದು ವಾರ್ಡನ್ ಫಾರ್ಮ್ ಕೊಟ್ಟಿದ್ದಾರೆ. ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕು. ಮುಂದಿನ ಭಾನುವಾರ ಹತ್ತು ಗಂಟೆಗೆ ಜಂಬಯ್ಯನವರ ಎಸ್‌ಟಿಡಿ ಬೂತಿಗೆ ಬರುತ್ತೀರಾ? ಫೋನ್ ಮಾಡುತ್ತೇನೆ.

ನನ್ನ ಹುಲಿ ಒಂಬತ್ತರಿಂದ ಹದಿನಾಲ್ಕಕ್ಕೆ.

ನಿಮ್ಮ
ಬಕ್ಕೇಶ್


ಹರಿಹರ
20-1-99

ಬಕ್ಕೇಶನಿಗೆ ಅಪ್ಪ ಬರೆದದ್ದು.

ಹೊಟ್ಟೆ ನೋವಿಗೆ ಮಜ್ಜಿಗೆ ಕುಡಿ. ಸೀನಿಯರ್ ಹುಡುಗ ಒಳ್ಳೆಯವನಿರಬೇಕು, ಎಲ್ಲರೂ ನಕ್ಕಾಗ ನಗದವನು.

ನಮ್ಮ ಫ್ಯಾಕ್ಟರಿಯ ಹ್ಯಾಮರ್ ಶಾಪಿನಲ್ಲೂ ಮೊದಲು ಇಕ್ಕಳ ಹಿಡಿಯುವವನು ಒಬ್ಬನೇ ಇದ್ದ. ಒಂದು ಕುಲುಮೆಯ ಕಬ್ಬಿಣ ಕಾಯುವವರೆಗೆ ಇನ್ನೊಂದು ಕಡೆ ಕಾದ ಕಬ್ಬಿಣ ಆರಿಹೋಗುತ್ತಿತ್ತು. ಆಮೇಲೆ ಕುಲುಮೆಗೊಬ್ಬನನ್ನು ಹಾಕಿದರು. ನಿಮ್ಮದೂ ಹಾಗೇ ಅಂತ ತಿಳಿದುಕೊಂಡೆ.

ಫೋನ್ ಯಾಕ, ಪತ್ರ ಐತಲ್ಲ. ಆದರೂ ನೀನು ಹೇಳಿದ್ದಕ್ಕೆ ಬರುತ್ತೇನೆ.

ನನ್ನ ಕುರಿ ಹದಿನೇಳರಲ್ಲಿ ಇಟ್ಟೆ.

ಕರಿಬಸವರಾಜ


ದಾವಣಗೆರೆ
25-1-1999

ಅಪ್ಪಾಜಿಗೆ ನಮಸ್ಕಾರ.

ನಿನ್ನೆ ಫೋನಿನಲ್ಲಿ ಮಾತಾಡಿದ್ದು ಸಂತೋಷ.

ಫಾರ್ಮ್ ಕೊಡಲು ಇನ್ನೂ ಸಮಯವಿದೆ. ಆದರೂ ನೀವು ಹೇಳಿದಂತೆಯೇ ತುಂಬುತ್ತೇನೆ. "ರಜೆಗೆ ಇಲ್ಲೇ ಇದ್ದುಬಿಡಲಾ ಅಪ್ಪಾಜಿ?" ಎಂದು ಕೇಳಿದೆ. ನೀವು ತಕ್ಷಣ "ಆಯ್ತು ಆಯ್ತು, ಹಂಗೇ ಮಾಡು" ಎಂದಿರಿ. ಯೋಚನೆಯನ್ನೂ ಮಾಡಲಿಲ್ಲ. ನಿಮಗೂ ಶಿಫ್ಟ್ ಇರುತ್ತದೆ, ನಾನು ಬಂದರೆ ಅಡುಗೆ ಅದು ಇದು ಎಂದು ತೊಂದರೆ. ಐ ಅಂಡರ್‌ಸ್ಟ್ಯಾಂಡ್.

ಹುಲಿ ಹದಿನಾಲ್ಕರಿಂದ ಹದಿಮೂರಕ್ಕೆ.

ಬಕ್ಕೇಶ್


ಹರಿಹರ
30-1-99

ಬಕ್ಕೇಶನಿಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಬೂತಿನಲ್ಲಿ ಅವತ್ತು ಗದ್ದಲ ಇತ್ತು. ಹೊರಗೆ ಲಾರಿ ನಿಂತಿತ್ತು.

ನಿನಗೆ ಹೆಂಗ ಅನುಕೂಲವೋ ಹಂಗೆ ಮಾಡು. ಓದು ಮುಖ್ಯ. ಮನೆಯಲ್ಲಿ ಸುಣ್ಣ ಹೊಡೆಸಿದ್ದೇನೆ, ನಿನ್ನ ಕೋಣೆಗೂ. ಅದು ಹೇಗೂ ಹೊಡೆಸಬೇಕಾಗಿತ್ತು.

ಕುರಿ ಇಪ್ಪತ್ತರಲ್ಲಿ.

ಕರಿಬಸವರಾಜ


ದಾವಣಗೆರೆ
14-2-1999

ಅಪ್ಪಾಜಿಗೆ ನಮಸ್ಕಾರ.

ಎರಡು ವಾರ ಬರೆಯಲಿಲ್ಲ. ಲ್ಯಾಬ್ ಜಾಸ್ತಿ ಇತ್ತು. (ಅದೊಂದೇ ಕಾರಣ ಅಲ್ಲ.) ಹಾಸ್ಟೆಲ್‌ನಲ್ಲೇ ಉಳಿಯುತ್ತೇನೆ ಎಂದು ಫಾರ್ಮ್ ತುಂಬಿ ಕೊಟ್ಟಾಯಿತು.

ಸರ್ವರ್‌ನಲ್ಲಿ ಈಗ ಆಟಗಾರನಿಗೊಂದು ಥ್ರೆಡ್. ಇಬ್ಬರ ಮಾತೂ ಕೇಳುತ್ತದೆ. ಆದರೆ ಮಣೆ ಒಂದೇ ಅಲ್ಲವೇ? ಎರಡು ಥ್ರೆಡ್‌ಗಳೂ ಒಟ್ಟಿಗೆ ಅದಕ್ಕೆ ಕೈ ಹಾಕುತ್ತವೆ. ಮೊನ್ನೆ ಹದಿಮೂರನೇ ಮನೆಯಲ್ಲಿ ಹುಲಿಯೂ ಕುರಿಯೂ ಒಂದೇ ಕಡೆ ನಿಂತಿದ್ದವು, ಒಂದನ್ನೊಂದು ಮುಟ್ಟದೆ. ನಯೀಮಣ್ಣ ನೋಡಿ "ಭಾಳ ಸಾಧು ಹುಲಿ ಐತಲೇ ನಿಂದು, ಯಾವ ಮಠದ್ದು?" ಎಂದರು. ಈಗ ಮಣೆಗೊಂದು ಬೀಗ ಹಾಕಿದ್ದೇವೆ. ಒಬ್ಬ ನಡೆಸುವಾಗ ಇನ್ನೊಬ್ಬ ಕಾಯಬೇಕು. ಆ ಬೀಗ ಬರೆದವನು ನಾನು. ಹನ್ನೊಂದು ಸಾಲು.

ಒಂದು ವಿಚಾರ ಕೇಳಬೇಕು. ನಯೀಮಣ್ಣನ ಚಿಕ್ಕಪ್ಪನ ಮಗ ಹಿದಾಯತ್ ಅವರದು ಹರಿಹರದಲ್ಲಿ ಕಂಪ್ಯೂಟರ್ ಸೆಂಟರ್ ಇದೆ, ಬಸ್ ಸ್ಟ್ಯಾಂಡ್ ಹತ್ತಿರ. ಆಟದ ಫ್ಲಾಪಿ ಆಗಲೇ ಅಲ್ಲಿಗೆ ಕಳಿಸಿದ್ದೇವೆ. ಎಕ್ಸಿಬಿಷನ್ ದಿನ ಒಂದನೇ ಆಟಗಾರ ಇಲ್ಲಿ ನಾನು, ಎರಡನೇ ಆಟಗಾರ ಅಲ್ಲಿ ಕೂತು ಆಡಬೇಕು. ಒಂದೇ ಹಾಲಿನಲ್ಲಿ ಇಬ್ಬರು ಆಡಿದರೆ ಜಡ್ಜ್‌ಗಳು ನಂಬುವುದಿಲ್ಲವಂತೆ. "ನಿಮ್ಮಪ್ಪಾಜಿಗೆ ಕೂಡ್ರಾಕೆ ಹೇಳು, ಅವ್ರಷ್ಟು ಆಡೋರು ಯಾರದಾರ?" ಎಂದರು ನಯೀಮಣ್ಣ.

ಕಷ್ಟ ಒಂದೇ. ನಮ್ಮ ಮಷೀನು ಇಂಟರ್‌ನೆಟ್‌ಗೆ ಸೇರಿದಾಗಲೆಲ್ಲ ಅದಕ್ಕೊಂದು ಹೊಸ ನಂಬರ್ ಸಿಗುತ್ತದೆ, ಮನೆ ನಂಬರ್ ಇದ್ದ ಹಾಗೆ. ಆ ನಂಬರ್ ಇಲ್ಲದೆ ಹರಿಹರದಿಂದ ಇಲ್ಲಿಗೆ ದಾರಿ ಸಿಗುವುದಿಲ್ಲ. ಮೊದಲೇ ಪತ್ರದಲ್ಲಿ ಬರೆದು ಕಳಿಸಲೂ ಆಗುವುದಿಲ್ಲ. ಅವತ್ತು ಹನ್ನೊಂದು ಗಂಟೆಗೆ ನಾನು ಫೋನ್ ಮಾಡಿ ಓದಿ ಹೇಳಬೇಕು, ನೀವು ಕೇಳಿ ಬರೆದುಕೊಳ್ಳಬೇಕು.

ನಿಮಗೆ ಬಿಡುವಿಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ, ಏನೂ ಬೇಜಾರಿಲ್ಲ.

ಬಕ್ಕೇಶ್

(ಹುಲಿ ಅಲ್ಲೇ ಇದೆ. ಈ ಸಲ ನಡೆಸುವ ಮನಸ್ಸಾಗಲಿಲ್ಲ.)


ಹರಿಹರ
18-2-99

ಬಕ್ಕೇಶನಿಗೆ,

ಮಾರ್ಚ್ 7ಕ್ಕೆ ನನಗೆ ಡ್ಯೂಟಿ ಐತೆ. ಬೇರೆಯವರನ್ನು ನೋಡ್ರಿ.

ಕರಿಬಸವರಾಜ


ಹರಿಹರ
21-2-99, ಭಾನುವಾರ

ಬಕ್ಕೇಶ,

ಗುರುವಾರದ ಕಾರ್ಡು ನಿನಗೆ ತಲುಪಿರುತ್ತದೆ. ಅದರಲ್ಲಿ ಡ್ಯೂಟಿ ಎಂದು ಬರೆದದ್ದು ಸುಳ್ಳು. ಆ ಭಾನುವಾರ ನನಗೆ ರಜೆ.

ನನಗೆ ಕಿವಿ ಕೇಳಿಸುವುದಿಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡದ್ದರಲ್ಲಿ ಲಾರಿ ಹಾರ್ನು, ಕುಕ್ಕರ್ ಸೀಟಿ ಅಷ್ಟೇ. ಇಪ್ಪತ್ತೆರಡು ವರ್ಷ ಕಬ್ಬಿಣ ಬಡಿಯುವ ಹ್ಯಾಮರ್ ಪಕ್ಕ ನಿಂತರೆ ಎಲ್ಲರಿಗೂ ಇಷ್ಟೇ, ನನಗೊಬ್ಬನಿಗೇ ಅಲ್ಲ. ಶಾಪಿನಲ್ಲಿ ಏನೂ ತೊಂದರೆ ಇಲ್ಲ. ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆ. ಹೊರಗೆ ಬಂದರೆ ಜನರ ಬಾಯಿ ನೋಡಿಕೊಂಡು "ಆಯ್ತು ಆಯ್ತು" ಎನ್ನುತ್ತೇನೆ. ಹತ್ತರಲ್ಲಿ ಎಂಟು ಸಲ ನಡೆದುಹೋಗುತ್ತದೆ. ಪಕ್ಕದ ಮನೆ ಗಿರಿಯಮ್ಮ ಏನೋ ಕೇಳಿದಳು, ಆಯ್ತು ಎಂದೆ. ಮಾರನೆಯ ದಿನ ಎರಡು ಬೆಕ್ಕಿನ ಮರಿ ಬುಟ್ಟಿ ಸಮೇತ ನಮ್ಮ ಹಿತ್ತಲಿಗೆ ಬಂದವು. ಈಗಲೂ ಇಲ್ಲೇ ಅದಾವೆ.

ಫೋನಿನಲ್ಲಿ ನೋಡಲು ಬಾಯಿಯೇ ಇರುವುದಿಲ್ಲ. ಅವತ್ತು ಬೂತಿನಲ್ಲಿ ನೀನು ಆಡಿದ ಒಂದು ಮಾತೂ ನನಗೆ ಕೇಳಲಿಲ್ಲ. ರಜೆಯ ವಿಷಯ ಕೇಳುತ್ತೀ ಎಂದು ಬರೆದಿದ್ದೆಯಲ್ಲ, ಬರುತ್ತೇನೆ ಎನ್ನುತ್ತಿದ್ದೀ ಎಂದುಕೊಂಡು "ಹಂಗೇ ಮಾಡು" ಎಂದೆ. ಬೂತಿನಿಂದ ಸೀದಾ ಹೋಗಿ ಸುಣ್ಣದವನಿಗೆ ಹೇಳಿ ಬಂದೆ.

ನಿನಗೆ ಮೊದಲೇ ಹೇಳಬಹುದಿತ್ತು. ನೀನು ಮೆಲ್ಲಗೆ ಮಾತಾಡುವ ಹುಡುಗ. ಇನ್ನೊಂದು ಸಲ ಹೇಳು ಎಂದರೆ "ಏನಿಲ್ಲ ಬಿಡ್ರಿ" ಎನ್ನುತ್ತೀ. ಎರಡು ಸಲ ಹಾಗೆ ಆದ ಮೇಲೆ ನಾನು ಕೇಳುವುದನ್ನೇ ಬಿಟ್ಟೆ. ನಿನ್ನ ಅವ್ವ ಹೋದಾಗ ಆರು ವರ್ಷದ ನಿನ್ನನ್ನು ಮೈಸೂರಿನಲ್ಲಿ ಬಿಟ್ಟು ಬಂದವನು ನಾನು. ಈಗ ದೊಡ್ಡವನಾಗಿ ಮಾತಾಡಲು ಬಂದರೆ ಅಪ್ಪನಿಗೆ ಕಿವಿಯೇ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ನಿನ್ನೆ ಸಂಜೆ ಹಿದಾಯತ್‌ನ ಸೆಂಟರಿಗೆ ಹೋಗಿದ್ದೆ. ಆಡಲು ಅಲ್ಲ, ನೀನು ಮಾಡಿದ್ದು ಏನು ಎಂದು ನೋಡಲು. "ಬರ್ರಿ ಕಾಕಾ, ಕೂಡ್ರಿ" ಎಂದಿರಬೇಕು, ಕುರ್ಚಿ ಎಳೆದ. ಅವನದು ದಟ್ಟ ಮೀಸೆ, ತುಟಿ ಕಾಣುವುದಿಲ್ಲ. ಏನೇನೋ ಹೇಳಿದ, ನಾನು ಆಯ್ತು ಆಯ್ತು ಎಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ಒಂದೇ ಮಷೀನಿನಲ್ಲಿ ಎರಡೂ ಕಡೆ ತೆರೆದು ತೋರಿಸಿದ. ಮಣೆಯ ಕೆಳಗೆ ಒಂದು ಪಟ್ಟಿ ಇದೆಯಲ್ಲ, ಒಬ್ಬ ಬರೆದದ್ದು ಇನ್ನೊಬ್ಬನಿಗೆ ಕಾಣುವುದು? ಅವನು ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಕಾಕಾ ಚಹಾ ಕುಡಿತೀರಾ" ಎಂದು ಒತ್ತಿದ. ಡ್ರಾಯಿಂಗ್ ಓದಿ ಓದಿ ನನಗೆ ದೊಡ್ಡಕ್ಷರ ಬರುತ್ತವೆ. ಓದಿದೆ. ಹ್ಞೂಂ ಎಂದೆ. ಚಹಾ ಬಂತು.

ಎಷ್ಟು ದಿನವಾಯಿತೋ, ಕೇಳಿದ ಮಾತಿಗೆ ಸರಿಯಾದ ಉತ್ತರ ಕೊಟ್ಟು.

ಆಡುತ್ತೇನೆ. ನಂಬರ್ ಹಿದಾಯತ್‌ಗೆ ಹೇಳು, ಅವನು ಬರೆದುಕೊಳ್ಳುತ್ತಾನೆ. ಆದರೆ ಫಾರ್ಮ್ ಬದಲಿಸಬೇಡ. ಈಗ ನಾನು ಬಾ ಎಂದು ಬರೆದರೆ ಕಿವುಡ ಅಪ್ಪ ಎಂದು ಕನಿಕರದಿಂದ ಬರುತ್ತೀ. ಅದು ಬ್ಯಾಡ.

ಅಪ್ಪ


ದಾವಣಗೆರೆ
25-2-1999

ಅಪ್ಪಾಜಿ,

ನಿಮ್ಮ ಪತ್ರವನ್ನು ಬಾತ್‌ರೂಮಿನಲ್ಲಿ ಓದಿದೆ. ಹಾಸ್ಟೆಲ್‌ನಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಜಾಗ ಅದೊಂದೇ.

ದಸರಾದಲ್ಲಿ ಊಟಕ್ಕೆ ಕೂತಾಗ ನಾನು ನಿಮ್ಮನ್ನು "ಅವ್ವನ ಫೋಟೋ ಎಲ್ಲಿ, ಗೋಡೆ ಮೇಲಿಲ್ಲ?" ಎಂದು ಕೇಳಿದ್ದೆ. ನೀವು "ಆಯ್ತು ಆಯ್ತು" ಎಂದು ಇನ್ನೊಂದು ರೊಟ್ಟಿ ಹಾಕಿದಿರಿ. ಅವ್ವನ ಮಾತು ನಿಮಗೆ ಬೇಡವಾಗಿದೆ ಎಂದುಕೊಂಡು ಆ ರೊಟ್ಟಿ ತಿಂದೆ. ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಐದು ತಿಂಗಳು ಅದೇ ಸಿಟ್ಟಿನಲ್ಲಿದ್ದೆ, ಗೊತ್ತಾ ನಿಮಗೆ?

ಫೋನಿನಲ್ಲಿ ನನ್ನದೂ ತಪ್ಪಿದೆ. ನನಗೆ ಬರಬೇಕಿತ್ತು. ಆದರೆ "ಬರಲಾ?" ಎಂದು ಕೇಳಿ ನೀವು ಬೇಡ ಎಂದರೆ ಏನು ಮಾಡುವುದೆಂದು ಹೆದರಿ ಉಲ್ಟಾ ಕೇಳಿದೆ. "ಇಲ್ಲೇ ಇರಲಾ" ಎಂದರೆ ನೀವು "ಯಾಕಲೇ, ಬಾ" ಎನ್ನುತ್ತೀರಿ ಎಂಬ ಆಸೆ. ಬೂತಿಗೆ ಹೋಗುವ ಮುಂಚೆ ಎಂಟು ಸಲ ಪ್ರಾಕ್ಟೀಸ್ ಮಾಡಿದ್ದೆ.

ಕನಿಕರ ಎಂದಿರಲ್ಲ, ಅದಕ್ಕೆ ಇಲ್ಲಿ ಉತ್ತರ ಬರೆಯುವುದಿಲ್ಲ. ಫಾರ್ಮ್ ಬದಲಿಸಿಲ್ಲ. ಆ ಪ್ರಶ್ನೆಯನ್ನು ಆಟದ ನಡುವೆ ಇನ್ನೊಮ್ಮೆ ಕೇಳುತ್ತೇನೆ, ಈ ಸಲ ನೆಟ್ಟಗೆ. ನಿಮಗೆ ಕಾಣುವ ಹಾಗೆ.

ನಯೀಮಣ್ಣನ ಜೊತೆ ಇವತ್ತು ಜಗಳವಾಯಿತು. ಸರ್ವರ್‌ನಲ್ಲಿ ಅವರು ಒಂದು ನಿಮಿಷದ ರೂಲ್ ಇಟ್ಟಿದ್ದರು. ಆಟಗಾರ ಒಂದು ನಿಮಿಷ ಸುಮ್ಮನಿದ್ದರೆ ಅವನು ಎದ್ದುಹೋದ ಎಂದು ತಿಳಿದು ಲೈನ್ ಕತ್ತರಿಸಿಬಿಡುತ್ತದೆ. ಅದನ್ನು ತೆಗೆಯೋಣ ಎಂದೆ.

"ತಗದ್ರೆ ಹೆಂಗಲೇ? ಎದ್ದು ಹೋದೋನಿಗೆ ಥ್ರೆಡ್ಡು ಸಾಯೋ ಮಟ ಕಾಯ್ಕಂತ ಕುಂತಿರ್ಬೇಕೇನು?"

"ಸುಮ್ನಿದ್ದೋರೆಲ್ಲ ಎದ್ದು ಹೋಗಿರಲ್ಲ ಅಣ್ಣಾ."

ಸೀನಿಯರ್‌ಗೆ ಎದುರು ಮಾತಾಡಿದ್ದು ಜೀವನದಲ್ಲೇ ಮೊದಲು. ಅವರು ನನ್ನ ಮುಖ ನೋಡಿ, "ಆತು ತಗಿ. ಜಡ್ಜ್ ಕೇಳಿದ್ರೆ ಉತ್ರ ನಿಂದೇ" ಎಂದರು. ತೆಗೆದೆ.

ಬಕ್ಕೇಶ್


ದಾವಣಗೆರೆ
8-3-1999

ಅಪ್ಪಾಜಿ,

ನಿನ್ನೆಯ ಆಟದಲ್ಲಿ ನಿಮ್ಮ ಕಡೆ ಏನಾಯಿತೋ ನನಗೆ ಗೊತ್ತಿಲ್ಲ. ನನ್ನ ಕಡೆ ಆದದ್ದನ್ನು ಹೇಳುತ್ತೇನೆ.

ಹನ್ನೊಂದಕ್ಕೆ ಇಂಟರ್‌ನೆಟ್ ಲೈನ್ ಸಿಕ್ಕಿತು. ಆಫೀಸಿನ ಫೋನಿನಿಂದ ಹಿದಾಯತ್ ಅವರಿಗೆ ನಂಬರ್ ಹೇಳಿದೆ. ಅವರು ಫೋನ್ ಇಟ್ಟು ಅದೇ ಲೈನನ್ನು ಇಂಟರ್‌ನೆಟ್‌ನ ಮೋಡೆಮ್‌ಗೆ ಸಿಕ್ಕಿಸುವಷ್ಟರಲ್ಲಿ ನಮ್ಮದು ಕಟ್ಟಾಯಿತು. ಮತ್ತೆ ಸೇರಿದರೆ ಬೇರೆ ನಂಬರ್! ಹೇಳೋಣವೆಂದರೆ ಅವರ ಫೋನ್ ಎಂಗೇಜ್, ಅವರು ಹಳೆಯ ನಂಬರನ್ನೇ ಹುಡುಕುತ್ತಿದ್ದರು. ಹೀಗೆ ಮೂರು ಸಲ. ಜಡ್ಜ್ ಒಬ್ಬರು ವಾಚ್ ನೋಡಿ ಪಕ್ಕದ ಟೇಬಲ್ಲಿನ ಹೈಡ್ರಾಲಿಕ್ ಕ್ರೇನ್ ಕಡೆ ಹೋದರು.

ಹನ್ನೊಂದು ಐವತ್ತಕ್ಕೆ ಪರದೆಯ ಮೇಲೆ ಬಂತು: "ಆಟಗಾರ ಎರಡು ಸೇರಿದ್ದಾರೆ." ಆ ಸಾಲು ಬರೆದವನು ನಾನೇ. ನೂರು ಸಲ ನೋಡಿದ್ದೇನೆ. ನಿನ್ನೆ ಓದಿದ್ದು ಬೇರೆ ಥರ ಇತ್ತು.

ನೀವು ಎಷ್ಟು ಬೇಗ ಕುರಿ ಇಟ್ಟಿರಿ ಅಪ್ಪಾಜಿ! ಪತ್ರದಲ್ಲಿ ಒಂದು ನಡೆಗೆ ವಾರ ಕಾದವನಿಗೆ ಉಸಿರಾಡಲೂ ಬಿಡುವಿಲ್ಲ. ಅರ್ಧ ಗಂಟೆಯಲ್ಲಿ ನನ್ನ ಎರಡು ಹುಲಿ ಕಟ್ಟಿಹಾಕಿದಿರಿ. ಸುತ್ತ ಜನ ಸೇರಿದರು. ಆಗ ಕೆಳಗಿನ ಪಟ್ಟಿಯಲ್ಲಿ ಬರೆದೆ: "ನನಗೆ ರಜೆಗೆ ಮನೆಗೆ ಬರಬೇಕು ಅಂತ ಇದೆ. ಬರಲಾ?"

ಎಲ್ಲರಿಗೂ ಕಾಣುವ ಪರದೆ ಎಂಬುದು ಒತ್ತಿದ ಮೇಲೆ ನೆನಪಾಯಿತು.

ನಿಮ್ಮ ಕಡೆಯಿಂದ ಏನೂ ಬರಲಿಲ್ಲ. ಒಂದು ನಿಮಿಷ. ಎರಡು. "ಲೈನ್ ಹೋತೇನಲೇ?" ಎಂದರು ನಯೀಮಣ್ಣ. ನಾನು ಸರ್ವರ್ ನೋಡಿದೆ. ನಿಮ್ಮ ಥ್ರೆಡ್ ಹಾಗೇ ಇತ್ತು, ಕಿವಿಗೊಟ್ಟು ಕೂತಿತ್ತು. "ಹೋಗಿಲ್ಲ ಅಣ್ಣಾ, ಅದಾರ" ಎಂದೆ. ನನ್ನ ಬಾಯಲ್ಲಿ ನಿಮ್ಮೂರ ಮಾತು ಬಂದದ್ದು ನನಗೇ ಆಶ್ಚರ್ಯ. ಮೂರು. ನಾಲ್ಕು. ಜಡ್ಜ್ ಕ್ರೇನ್ ಬಿಟ್ಟು ವಾಪಸ್ ಬಂದು ನಿಂತಿದ್ದರು.

ಆಮೇಲೆ ಬಂತು. ಬಿ, ಎ. ಎರಡೇ ಅಕ್ಷರ.

ನಯೀಮಣ್ಣ ಅದನ್ನು ಇಡೀ ಹಾಲಿಗೆ ಕೇಳುವಂತೆ "ಬಾ ಅಂದ್ರಲೇ!" ಎಂದು ಕೂಗಿದರು. ಆಟ ನೀವೇ ಗೆದ್ದಿರಿ, ನನಗೆ ಮಣೆ ಸರಿಯಾಗಿ ಕಾಣುತ್ತಿರಲಿಲ್ಲ. ಎಕ್ಸಿಬಿಷನ್‌ನಲ್ಲಿ ನಮಗೆ ಎರಡನೇ ಬಹುಮಾನ. ಮೊದಲನೆಯದು ಕ್ರೇನಿಗೆ.

ಇವತ್ತು ಬೆಳಿಗ್ಗೆ ವಾರ್ಡನ್ ಹತ್ತಿರ ಹೋಗಿ ಫಾರ್ಮ್ ಬದಲಿಸಿದೆ. ಏಪ್ರಿಲ್ ಮೂರು, ಶನಿವಾರ. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ.

ಬಕ್ಕೇಶ್


ಹರಿಹರ
12-3-99

ಬಕ್ಕೇಶ,

ಆ ನಾಲ್ಕು ನಿಮಿಷ ಅಕ್ಷರ ಹುಡುಕಿದ್ದಲ್ಲ. ನಿನ್ನ ಮಾತು ಓದಿದ ಕೂಡಲೇ ಬೆರಳು ತಾನಾಗಿ "ಆಯ್ತು ಆಯ್ತು" ಎಂದು ಒತ್ತಿತು. ಕಳಿಸುವ ಗುಂಡಿ ಒತ್ತಿರಲಿಲ್ಲ, ಪುಣ್ಯ. ಅದನ್ನು ನೋಡುತ್ತ ಕೂತೆ. ಯಾರು ಏನು ಕೇಳಿದರೂ ಇದನ್ನೇ ಹೇಳಿದ್ದೇನೆ, ಗಿರಿಯಮ್ಮನ ಬೆಕ್ಕಿಗೂ ಇದೇ ಹೇಳಿದ್ದು. ನಿನಗೂ ಇದೇ ಆದರೆ ಹೆಂಗ? ಅಳಿಸುವುದು ಯಾವುದು ಎಂದು ಹಿದಾಯತ್‌ಗೆ ಕೈಸನ್ನೆಯಲ್ಲಿ ಕೇಳಿದೆ. ತೋರಿಸಿದ. ಒಂದೊಂದೇ ಅಕ್ಷರ ಅಳಿಸಿದೆ. ಆಮೇಲೆ ಬರೆದದ್ದು ನಿನಗೆ ಬಂದಿದೆ.

ಹಿದಾಯತ್ ಮಾರನೆಯ ದಿನ ಮೀಸೆ ಕತ್ತರಿಸಿಕೊಂಡು ಬಂದಿದ್ದ, ಮೇಲ್ದುಟಿ ಕಾಣುವಷ್ಟು.

ಅವ್ವನ ಫೋಟೋ ಗೋಡೆಯ ತೇವಕ್ಕೆ ಹಾಳಾಗುತ್ತಿತ್ತು, ತೆಗೆದು ಟ್ರಂಕಿನಲ್ಲಿ ಇಟ್ಟಿದ್ದೆ. ನೀನು ಬಂದ ಮೇಲೆ ಎಲ್ಲಿ ಮೊಳೆ ಹೊಡೆಯಬೇಕೋ ನೀನೇ ಹೇಳು. ದೊಡ್ಡದಾಗಿ ಕೂಗಬೇಡ, ಕೂಗಿದರೂ ಕೇಳುವುದಿಲ್ಲ. ಬೆರಳಿಟ್ಟು ತೋರಿಸು.

ಏಪ್ರಿಲ್ ಮೂರಕ್ಕೆ ಮೊದಲ ಶಿಫ್ಟ್ ಇದೆ. ಎರಡೂವರೆಗೆ ಮನೆಯಲ್ಲಿರುತ್ತೇನೆ. ಬಾಗಿಲು ಬಡಿಯುತ್ತ ನಿಲ್ಲಬೇಡ, ನನಗೆ ಗೊತ್ತಾಗುವುದಿಲ್ಲ. ಅಗುಳಿ ಹಾಕಿರುವುದಿಲ್ಲ, ತಳ್ಳಿದರೆ ಸಾಕು. ನಾನು ಒಲೆ ಕಡೆ ಮುಖ ಮಾಡಿ ನಿಂತಿರುತ್ತೇನೆ. ಹಿಂದಿನಿಂದ ಮುಟ್ಟಬೇಡ, ಬೆಚ್ಚಿಬೀಳುತ್ತೇನೆ. ಸುತ್ತು ಹಾಕಿ ಎದುರಿಗೆ ಬಾ.

ಅಪ್ಪ